ಒಂದು ಇಂಚಿಗೆ ಒಂದು ಅಡಿ

ನಮ್ಮಪ್ಪ ಗೌಂಡಿ. ಬಳ್ಳಾರಿ ಜಿಲ್ಲೆಯ ಹಚ್ಚೊಳ್ಳಿ ಸುತ್ತಮುತ್ತ ಅವನು ಕಟ್ಟಿದ ಗೋಡೆಗಳು ಇನ್ನೂ ನಿಂತಿವೆ. ಅವನು ಹೋದಮೇಲೆ ನನ್ನ ಪಾಲಿಗೆ ಬಂದದ್ದು ಒಂದು ಕರಣೆ, ಒಂದು ತೂಗುಗುಂಡು, ಮೂವತ್ತು ಅಡಿ ಉದ್ದದ ಪ್ಲಾಸ್ಟಿಕ್ ಪೈಪು. ಪೈಪಿಗೆ ನೀರು ತುಂಬಿ ಒಂದು ತುದಿ ಇಲ್ಲಿ, ಇನ್ನೊಂದು ತುದಿ ಅಲ್ಲಿ ಹಿಡಿದರೆ ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಲೆವೆಲ್ ನೋಡುವುದಕ್ಕೆ ಇಂದಿಗೂ ನಮ್ಮ ಕಡೆ ಇದೇ ಯಂತ್ರ. 'ಮನುಷ್ಯನ ಕಣ್ಣು ಮೋಸ ಮಾಡ್ತೈತಿ, ನೀರು ಮಾಡಂಗಿಲ್ಲ' ಅನ್ನುತ್ತಿದ್ದ.

ನನಗೆ ಎರಡು ವರ್ಷ ತುಂಬುವ ಮೊದಲೇ ಪೋಲಿಯೋ ಬಂತು. ಚಿಕ್ಕಂದಿನಲ್ಲಿ ಕೈಗೆ ಹವಾಯಿ ಚಪ್ಪಲಿ ಸಿಕ್ಕಿಸಿಕೊಂಡು ತೆವಳಿದೆ. ಆಮೇಲೆ ಕ್ಯಾಲಿಪರ್ ಬಂತು, ಊರುಗೋಲು ಬಂತು. ಈಗ ಐವತ್ತು ದಾಟಿದೆ. ಇಷ್ಟು ವರ್ಷ ಕಾಲಿನ ಕೆಲಸ ಮಾಡಿದ ಭುಜಗಳು ಕೈಕೊಟ್ಟಿವೆ, ಗಾಲಿಕುರ್ಚಿಗೆ ಬಂದಿದ್ದೇನೆ. ಊರಿಂದೂರಿಗೆ ಹೋಗಲು ಪಕ್ಕದಲ್ಲಿ ಎರಡು ಗಾಲಿ ಜೋಡಿಸಿದ ಸ್ಕೂಟರ್ ಇದೆ. ಅದರ ಡಬ್ಬಿಯಲ್ಲಿ ಅಪ್ಪನ ಪೈಪು, ಒಂದು ಅಳತೆ ಟೇಪು. ಯಾವ ಕಚೇರಿಗೆ ಹೋದರೂ ಮೊದಲು ಮೆಟ್ಟಿಲು ಎಣಿಸುತ್ತೇನೆ, ಆಮೇಲೆ ಅರ್ಜಿ.

ಒಂದು ದಿನದ ಮಾತು ಹೇಳುತ್ತೇನೆ. ಯಾವ ಕಚೇರಿ ಅಂತ ಬೇಡ. ಒಂದು ದಾಖಲೆಗಾಗಿ ಹೋಗಿದ್ದೆ. ಐದು ಮೆಟ್ಟಿಲು. ಚಹದ ಅಂಗಡಿ ಮುಂದೆ ನಿಂತಿದ್ದ ಇಬ್ಬರು ಹುಡುಗರು ತಾವಾಗಿಯೇ ಓಡಿ ಬಂದರು. 'ಬರ್ರೀ ಅಣ್ಣಾ, ಎತ್ತಿಕೊಂಡು ಹೋಗ್ತೀವಿ.' ಕುರ್ಚಿ ಸಮೇತ ಎತ್ತಿದರು. ಅಂಗಿ ಮೇಲೆ ಸರಿದು ಹೊಟ್ಟೆ ಕಂಡಿತು, ಜೇಬಿನ ಚಿಲ್ಲರೆ ಮೆಟ್ಟಿಲ ಮೇಲೆ ಉರುಳಿತು, ಒಬ್ಬ ಹೆಣ್ಣುಮಗಳು ಅದನ್ನು ಆರಿಸಿ ಕೊಟ್ಟಳು. ಒಳಗೆ ಹೋದರೆ ಸಾಹೇಬರು ಬಂದಿರಲಿಲ್ಲ, ಜೆರಾಕ್ಸ್ ಬೇರೆ ಬೇಕಂತೆ. ಅಂಗಡಿ ಕೆಳಗಿದೆ. ಇಳಿಸಿದರು. ಮತ್ತೆ ಹತ್ತಿಸಿದರು. 'ಊಟ ಆದಮೇಲೆ ಬರ್ರಿ' ಅಂದರು ಒಳಗಿನವರು. ಮತ್ತೆ ಇಳಿಸಿದರು. ಮೂರನೆಯ ಸಲ ಹತ್ತಿಸುವಾಗ ಒಬ್ಬ ಹುಡುಗ ಮೊಬೈಲಿನಲ್ಲಿ ಗಂಟೆ ನೋಡಿದ. ಅವನದೇನೂ ತಪ್ಪಿಲ್ಲ, ಅವನಿಗೂ ಕೆಲಸವಿತ್ತು. ಆದರೆ ಅವನು ಗಂಟೆ ನೋಡಿದ್ದನ್ನು ನಾನು ನೋಡಿದೆ.

ನಮ್ಮ ಕಡೆ ಜನ ಒಳ್ಳೆಯವರು, ಎತ್ತಲು ಯಾರಾದರೂ ಸಿಕ್ಕೇ ಸಿಗುತ್ತಾರೆ. ನನ್ನ ಅನುಭವದಲ್ಲಿ ರ‍್ಯಾಂಪ್ ಆಗದಿರುವುದಕ್ಕೆ ದೊಡ್ಡ ಕಾರಣವೇ ಈ ಒಳ್ಳೆಯತನ. 'ಮಂದಿ ಇದ್ದಾರಲ್ಲ, ಎತ್ತುತ್ತಾರೆ' ಅಂದಕೂಡಲೇ ಎಸ್ಟಿಮೇಟಿನಿಂದ ಒಂದು ಸಾಲು ಅಳಿಸಿಹೋಗುತ್ತದೆ.

ಇನ್ನು ರ‍್ಯಾಂಪಿನ ಲೆಕ್ಕ. ಇದಕ್ಕೆ ಇಂಜಿನಿಯರಿಂಗ್ ಓದಬೇಕಾಗಿಲ್ಲ. ಒಂದಕ್ಕೆ ಹನ್ನೆರಡು ಅನ್ನುವುದು ನಿಯಮ. ಅಂದರೆ ಒಂದು ಇಂಚು ಏರಬೇಕಾದರೆ ಒಂದು ಅಡಿ ಉದ್ದ ಬೇಕು. ಆರು ಇಂಚಿನ ಐದು ಮೆಟ್ಟಿಲು ಅಂದರೆ ಮೂವತ್ತು ಇಂಚು, ಅದಕ್ಕೆ ಮೂವತ್ತು ಅಡಿ ರ‍್ಯಾಂಪ್. ಅಗಲ ಕನಿಷ್ಠ ನಾಲ್ಕು ಅಡಿ. ಮೇಲೆ, ಕೆಳಗೆ, ತಿರುವಿನಲ್ಲಿ ಕುರ್ಚಿ ತಿರುಗಲು ಐದೈದು ಅಡಿ ಸಮತಟ್ಟು. ಮೂವತ್ತು ಅಡಿಗಿಂತ ಉದ್ದವಾದರೆ ನಡುವೆ ದಣಿವಾರಿಸಿಕೊಳ್ಳಲು ಮತ್ತೊಂದು ತಟ್ಟು. ಎರಡೂ ಬದಿಗೆ ಹಿಡಿಕಂಬಿ, ಅದೂ ಎರಡು ಸಾಲು: ನಿಂತು ನಡೆಯುವವರಿಗೆ ಮೂರು ಅಡಿ ಎತ್ತರದಲ್ಲಿ ಒಂದು, ಕುಳಿತವರಿಗೆ, ಮಕ್ಕಳಿಗೆ ಎರಡೂವರೆ ಅಡಿಯಲ್ಲಿ ಇನ್ನೊಂದು. ಬಳ್ಳಾರಿ ಜಿಲ್ಲೆಯ ಬಿಸಿಲಿಗೆ ಇದರ ಜೊತೆ ಒಂದು ಮಾತು ನಾನೇ ಸೇರಿಸುತ್ತೇನೆ. ಹೊಳೆಯುವ ಸ್ಟೀಲ್ ಕಂಬಿ ಏಪ್ರಿಲ್ ಮಧ್ಯಾಹ್ನ ಕಾದ ಹೆಂಚು. ಅದರ ಮೇಲೆ ಒಂದು ತಗಡಿನ ನೆರಳಾದರೂ ಇರಲಿ.

ನಾನು ಟೇಪು ಹಿಡಿದು ನೋಡಿದ ಹಲವು ರ‍್ಯಾಂಪುಗಳು ಎಂಟು ಅಡಿಯಲ್ಲಿ ಮುಗಿಯುತ್ತವೆ. ಮೂವತ್ತು ಇಂಚಿಗೆ ಎಂಟು ಅಡಿ! ಅದು ಜಾರುಬಂಡೆ. ಏರುವಾಗ ಕುರ್ಚಿ ಹಿಂದಕ್ಕೆ ಮಗುಚುತ್ತದೆ, ಇಳಿಯುವಾಗ ನೇರ ಗೇಟಿಗೆ. ಆದರೂ ಅದು ವ್ಯರ್ಥವಲ್ಲ. ರಾತ್ರಿ ಬೈಕುಗಳನ್ನು ವರಾಂಡಕ್ಕೆ ತಳ್ಳಿ ಬೀಗ ಹಾಕಲು ಬಹಳ ಅನುಕೂಲ.

ಜಾಗವೇ ಇಲ್ಲ ಅನ್ನುವವರಿಗೆ ಎರಡು ದಾರಿ ಇವೆ. ರ‍್ಯಾಂಪನ್ನು ಗೋಡೆಗುಂಟ ಮಡಚುವುದು ಒಂದು. ಅಂಗಳಕ್ಕೇ ಗರಸು ಹಾಕಿ ಗೇಟಿನಿಂದ ನಿಧಾನಕ್ಕೆ ಏರಿಸಿಕೊಂಡು ಬರುವುದು ಇನ್ನೊಂದು. ಇಪ್ಪತ್ತು ಅಡಿಗೆ ಒಂದು ಅಡಿಯಂತೆ ಏರಿದರೆ ಅದು ರ‍್ಯಾಂಪು ಅಂತ ಗೊತ್ತೇ ಆಗುವುದಿಲ್ಲ, ದಾರಿ ಅನ್ನಿಸುತ್ತದೆ. ನನಗೆ ಎರಡನೆಯದೇ ಇಷ್ಟ. ಅಲ್ಲಿ ಎಲ್ಲರೂ ಒಂದೇ ಕಡೆಯಿಂದ ಬರುತ್ತಾರೆ. 'ಅಂಗವಿಕಲರಿಗೆ ಹಿಂದಿನ ಬಾಗಿಲು' ಅನ್ನುವ ಬಾಣದ ಗುರುತು ಬೇಕಾಗುವುದಿಲ್ಲ.

ನಮ್ಮದು ಎರೆಭೂಮಿ. ಸಿರುಗುಪ್ಪ ಸೀಮೆಯ ಭತ್ತ, ಹತ್ತಿಗೆ ಈ ಮಣ್ಣು ತಾಯಿ, ಗೌಂಡಿಗೆ ಮಲತಾಯಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತದೆ. ಕಚೇರಿಯ ಕಟ್ಟಡಕ್ಕೆ ಆಳದ ಬುನಾದಿ ಇರುತ್ತದೆ, ಅದು ಅಲುಗುವುದಿಲ್ಲ. ಆಮೇಲೆ ಯಾವಾಗಲೋ ಅನುದಾನ ಬಂದಾಗ ಅದರ ಮಗ್ಗುಲಿಗೆ ಕಲ್ಲು ಮಣ್ಣು ಪೇರಿಸಿ, ಮೇಲೆ ಸಿಮೆಂಟ್ ಸವರಿದ ರ‍್ಯಾಂಪ್ ಮಾತ್ರ ಎರೆಯ ಜೊತೆ ಏರಿಳಿಯುತ್ತದೆ. ಎರಡು ಮಳೆಗಾಲ ಕಳೆದರೆ ರ‍್ಯಾಂಪಿನ ತುದಿಗೂ ವರಾಂಡಕ್ಕೂ ನಡುವೆ ಎರಡು ಮೂರು ಇಂಚಿನ ಬಿರುಕು, ಜೊತೆಗೆ ಒಂದು ಏಣು. ನಡೆಯುವವರು ದಾಟಿ ಹೋಗುತ್ತಾರೆ, ನೋಡುವುದೂ ಇಲ್ಲ. ಗಾಲಿಕುರ್ಚಿಯ ಮುಂದಿನ ಚಿಕ್ಕ ಗಾಲಿ ಅಲ್ಲಿ ಸಿಕ್ಕಿತೆಂದರೆ ಕುಳಿತವನು ಮುಖ ಅಡಿಯಾಗಿ ಬೀಳುತ್ತಾನೆ. ಮೂವತ್ತು ಅಡಿ ಸರಿಯಾಗಿ ಕಟ್ಟಿ ಎರಡು ಇಂಚಿನಲ್ಲಿ ಕೆಡಿಸಿದ ಕೆಲಸ ಅದು. ಎರೆಯನ್ನು ತೆಗೆದು ಹಾಕಿ, ಗರಸು ತುಂಬಿ, ಪದರ ಪದರವಾಗಿ ನೀರು ಹೊಡೆದು ದಮ್ಮಸು ಮಾಡಬೇಕು. ಕಟ್ಟಡಕ್ಕೂ ರ‍್ಯಾಂಪಿಗೂ ನಡುವೆ ಬೇಕಂತಲೇ ಸಂದು ಬಿಟ್ಟು ಮೇಲೆ ಗೀರುಳ್ಳ ಕಬ್ಬಿಣದ ತಗಡು ಹಾಸಬೇಕು. ಇದನ್ನು ಅಪ್ಪ ನನಗೆ ಯಾವತ್ತೂ ಹೇಳಿಕೊಟ್ಟಿರಲಿಲ್ಲ. ಅವನ ಜೀವಮಾನದಲ್ಲಿ ಯಾರೂ ಅವನಿಂದ ರ‍್ಯಾಂಪ್ ಕಟ್ಟಿಸಲಿಲ್ಲ.

ಬಳ್ಳಾರಿ ಜಿಲ್ಲೆ 1953ರವರೆಗೆ ಮದರಾಸಿನ ಕೈಯಲ್ಲಿತ್ತು. ಆ ಕಾಲದ ಕಚೇರಿಗಳ ಎತ್ತರದ ಕಟ್ಟೆ ಕಂಡಾಗಲೆಲ್ಲ, ಇವನ್ನು ಕಟ್ಟಿದವರಿಗೆ ಮಳೆನೀರಿನ ಭಯದ ಜೊತೆಗೆ ಇನ್ನೊಂದು ಯೋಚನೆಯೂ ಇತ್ತೆಂದು ನನಗೆ ಅನ್ನಿಸುತ್ತದೆ. ಅರ್ಜಿ ಹಿಡಿದವನು ಕೆಳಗೆ ನಿಂತು ಕತ್ತೆತ್ತಿ ಮಾತಾಡಬೇಕು. ಸ್ವಾತಂತ್ರ್ಯ ಬಂದಮೇಲೂ ಕಟ್ಟೆಯ ಎತ್ತರ ಅಷ್ಟೇ ಉಳಿಯಿತು.

ಕಾನೂನು ಏನನ್ನುತ್ತದೆ? 1995ರ ಅಂಗವಿಕಲರ ಕಾಯ್ದೆಯಲ್ಲೇ ಸಾರ್ವಜನಿಕ ಕಟ್ಟಡಗಳಿಗೆ ರ‍್ಯಾಂಪ್ ಎಂದಿತ್ತು. ಆದರೆ 'ಆರ್ಥಿಕ ಸಾಮರ್ಥ್ಯದ ಮಿತಿಯಲ್ಲಿ' ಎಂಬ ಮಾತೂ ಇತ್ತು, ಆ ಸಂದಿನಲ್ಲಿ ಎಲ್ಲರೂ ನುಸುಳಿದರು. 2016ರಲ್ಲಿ ಹೊಸ ಕಾಯ್ದೆ ಬಂತು, 2017ರ ಏಪ್ರಿಲ್ 19ರಿಂದ ಜಾರಿಗೆ. ಅಂಗವೈಕಲ್ಯದ ಬಗೆಗಳು 7ರಿಂದ 21ಕ್ಕೆ ಏರಿದವು. ನಿಯಮ ಪಾಲಿಸದ ನಕ್ಷೆಗೆ ಅನುಮತಿ ಕೊಡಬಾರದು, ಕಟ್ಟಡ ಮುಗಿದರೂ ಪ್ರಮಾಣಪತ್ರ ಕೊಡಬಾರದು ಎಂದಾಯಿತು. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ನಿಯಮ ಹೊರಟ ಐದು ವರ್ಷದೊಳಗೆ ಸರಿಪಡಿಸಬೇಕು. ನಿಯಮ ಹೊರಟದ್ದು 2017ರ ಜೂನ್ 15. ಗಡುವು 2022ರ ಜೂನಿಗೆ ಮುಗಿದಿದೆ. ಕಾಯ್ದೆ ಮೀರಿದರೆ ಮೊದಲ ಸಲ ಹತ್ತು ಸಾವಿರ ರೂಪಾಯಿವರೆಗೆ, ಮತ್ತೆ ಮೀರಿದರೆ ಐವತ್ತು ಸಾವಿರದಿಂದ ಐದು ಲಕ್ಷದವರೆಗೆ ದಂಡ.

ರಾಜೀವ್ ರತೂರಿ ಎಂಬ ದೃಷ್ಟಿ ಇಲ್ಲದ ವ್ಯಕ್ತಿ ಇದೇ ವಿಷಯಕ್ಕೆ 2005ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಡಿಸೆಂಬರಿನಲ್ಲಿ ಕೋರ್ಟು ಸರ್ಕಾರಗಳಿಗೆ ಗಡುವುಗಳನ್ನು ಹಾಕಿತು. 2024ರ ನವೆಂಬರ್ 8ರಂದು ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಅವರ ಪೀಠ ಇನ್ನೂ ಮುಂದೆ ಹೋಗಿ, ಸರ್ಕಾರ ಮಾಡಿಕೊಂಡ 15ನೇ ನಿಯಮ ಮೂಲ ಕಾಯ್ದೆಗೇ ಹೊಂದುವುದಿಲ್ಲ ಎಂದಿತು. ಕಾಯ್ದೆ 'ಮಾಡಲೇಬೇಕು' ಅನ್ನುತ್ತದೆ, ನಿಯಮ ತೋರಿಸುವ ಮಾರ್ಗಸೂಚಿಗಳು 'ಮಾಡಿದರೆ ಒಳ್ಳೆಯದು' ಅನ್ನುವ ಧಾಟಿಯಲ್ಲಿವೆ. ಕಡ್ಡಾಯದ ನಿಯಮಗಳನ್ನು ಮೂರು ತಿಂಗಳಲ್ಲಿ ರೂಪಿಸಿ ಎಂದು ಆದೇಶವಾಯಿತು. ಗೌಂಡಿಯ ಭಾಷೆಯಲ್ಲಿ ಹೇಳುವುದಾದರೆ, ನಕ್ಷೆಯಲ್ಲಿ ಅಳತೆ ಬರೆದು ಪಕ್ಕದಲ್ಲಿ 'ಅಂದಾಜು' ಅಂತ ಬರೆದಿದ್ದರು.

ಹಳ್ಳಿಯ ಕಥೆ ಮಾತ್ರ ಹೀಗೆ ಅಂದುಕೊಳ್ಳಬೇಡಿ. 2023ರ ಅಕ್ಟೋಬರಿನಲ್ಲಿ ಮುಂಬೈನ ಖಾರ್‌ನಲ್ಲಿ, ಗಾಲಿಕುರ್ಚಿ ಬಳಸುವ ವಿರಾಲಿ ಮೋದಿ ತಮ್ಮ ಮದುವೆ ನೋಂದಣಿಗೆ ಹೋದರೆ ಕಚೇರಿ ಇದ್ದದ್ದು ಎರಡನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಮದುಮಗಳನ್ನು ಎತ್ತಿಕೊಂಡು ಹೋಗಬೇಕಾಯಿತು. ಇನ್ನೂ ದೂರದ ಮಾತು: 1990ರ ಮಾರ್ಚ್ 12ರಂದು ಅಮೆರಿಕದ ವಾಷಿಂಗ್ಟನ್ನಿನಲ್ಲಿ ಅಂಗವಿಕಲರು ಕುರ್ಚಿ, ಊರುಗೋಲು ಕೆಳಗೇ ಬಿಟ್ಟು ಸಂಸತ್ ಭವನದ ಮೆಟ್ಟಿಲುಗಳನ್ನು ತೆವಳುತ್ತ ಏರಿದರು. ಅದೇ ವರ್ಷ ಜುಲೈ 26ಕ್ಕೆ ಅಲ್ಲಿನ ಅಂಗವಿಕಲರ ಕಾಯ್ದೆಗೆ ಸಹಿ ಬಿತ್ತು. ಆ ಚಿತ್ರ ನೋಡಿದಾಗ ನನಗೆ ಹೊಳೆದದ್ದು ಒಂದೇ. ಅವರು ತೆವಳಿದ್ದು ಸುದ್ದಿಯಾಯಿತು. ನಾವು ದಿನಾ ತೆವಳುತ್ತಿದ್ದೆವು, ಅದು ಹಣೆಬರಹವಾಗಿತ್ತು.

ಮೆಟ್ಟಿಲು ದಾಟಿದರೆ ಕಚೇರಿ ಮುಟ್ಟಿದಂತೆ ಅಲ್ಲ. ಬಾಗಿಲು ಮೂರು ಅಡಿ ಪೂರ್ತಿ ತೆರೆಯಬೇಕು. ಜೋಡಿ ಬಾಗಿಲಲ್ಲಿ ಒಂದಕ್ಕೆ ಸದಾ ಚಿಲಕ ಹಾಕಿರುತ್ತಾರೆ. ಹೊಸ್ತಿಲು ಇರಬಾರದು, ಅಥವಾ ಅರ್ಧ ಇಂಚಿನೊಳಗಿರಬೇಕು. ಕೌಂಟರಿನ ಒಂದು ಭಾಗವಾದರೂ ಎರಡೂವರೆ ಅಡಿ ಎತ್ತರಕ್ಕಿದ್ದು, ಕೆಳಗೆ ಮೊಣಕಾಲು ಹೋಗುವಷ್ಟು ಖಾಲಿ ಇರಬೇಕು. ಬೆರಳಚ್ಚು ಯಂತ್ರದ ವೈರು ಒಂದು ಗೇಣು ಉದ್ದ ಇದ್ದರೆ ನನ್ನ ಕೈ ಅಲ್ಲಿಗೆ ಮುಟ್ಟುವುದಿಲ್ಲ. ಕುಷ್ಠದಿಂದ ಗುಣವಾದರೂ ಬೆರಳು ಕಳೆದುಕೊಂಡವರಿಗೆ ಬೆರಳಚ್ಚಿನ ಮಾತೇ ಇಲ್ಲ, ಕಣ್ಣಿನ ಪಾಪೆ ಗುರುತಿಸುವ ಯಂತ್ರ ಬೇಕು. ನನ್ನ ಗೆಳೆಯನೊಬ್ಬನಿಗೆ ಕಿವಿ ಕೇಳಿಸುವುದಿಲ್ಲ. ಅವನ ಹೆಸರು ಕೂಗಿ ಕೂಗಿ ಮುಂದಿನವರಿಗೆ ಹೋಗಿಬಿಡುತ್ತಾರೆ. ಅವನಿಗೆ ಬೇಕಾದದ್ದು ನಂಬರು ಕಾಣಿಸುವ ಒಂದು ಬೋರ್ಡು, ಅಷ್ಟೇ. ಕಣ್ಣು ಮಂದವಾದವರಿಗೆ ಪ್ರತಿ ಮೆಟ್ಟಿಲ ಅಂಚಿಗೂ ಎರಡು ಬೆರಳು ಅಗಲದ ಹಳದಿ ಪಟ್ಟಿ. ಒಂದು ಡಬ್ಬಿ ಪೇಂಟಿನ ಕೆಲಸ.

ಅಂಧರಿಗಾಗಿ ನೆಲಕ್ಕೆ ಹಾಕುವ ಉಬ್ಬು ಟೈಲ್ಸನ್ನು ಕಂಡುಹಿಡಿದವರು ಜಪಾನಿನ ಸೇಯಿಚಿ ಮಿಯಾಕೆ, ಮೊದಲು ಹಾಕಿದ್ದು 1967ರಲ್ಲಿ ಒಕಾಯಾಮದಲ್ಲಿ. ಉದ್ದ ಗೆರೆ ಅಂದರೆ 'ಹೀಗೇ ಹೋಗು', ಗುಂಡು ಚುಕ್ಕೆ ಅಂದರೆ 'ನಿಲ್ಲು, ಮುಂದೆ ಏನೋ ಇದೆ'. ನಮ್ಮ ಗೌಂಡಿ ಹುಡುಗರಿಗೆ ಇದನ್ನು ಯಾರೂ ಹೇಳಿಲ್ಲ. ಡಿಸೈನ್ ಚೆಂದ ಕಾಣಲಿ ಅಂತ ಎರಡನ್ನೂ ಬೆರೆಸಿ ಹಾಕುತ್ತಾರೆ. ಗೆರೆ ಹಿಡಿದು ಹೊರಟವರು ಕಂಬಕ್ಕೆ ಹೋಗಿ ನಿಲ್ಲುತ್ತಾರೆ.

ಶೌಚಾಲಯದ ಮಾತು ಬೇಡ ಅಂದುಕೊಂಡಿದ್ದೆ, ಆದರೆ ಹೇಳದಿದ್ದರೆ ತಪ್ಪಾಗುತ್ತದೆ. ಗಾಲಿಕುರ್ಚಿಯ ಚಿಹ್ನೆ ಬರೆದ ಬಾಗಿಲಿಗೆ ಬೀಗ. ಒಳಗೆ ಮುರಿದ ಕುರ್ಚಿ, ಪೊರಕೆ, ಹಳೆಯ ಕಡತದ ಗಂಟು. ನಮ್ಮ ಕಡೆಯ ಒಬ್ಬ ಅಕ್ಕ ತಾಲ್ಲೂಕಿಗೆ ಹೋಗುವ ದಿನ ಬೆಳಗ್ಗೆಯಿಂದ ಒಂದು ಗುಟುಕು ನೀರು ಕುಡಿಯುವುದಿಲ್ಲ. ಹೋದರೆ ಸಂಜೆಯೇ ಮನೆ. ಮೇ ತಿಂಗಳಲ್ಲೂ.

2011ರ ಜನಗಣತಿಯಲ್ಲಿ ಕರ್ನಾಟಕದ ಅಂಗವಿಕಲರು 13 ಲಕ್ಷಕ್ಕೂ ಹೆಚ್ಚು. 2014ರ ಮಾರ್ಚ್ 27ರಂದು ಭಾರತ ಪೋಲಿಯೋಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ನನ್ನಂಥ ಕಾಲು ಇನ್ನು ಹುಟ್ಟಿ ಬರುವುದಿಲ್ಲ, ಸಂತೋಷ. ಹಾಗಂತ ಗಾಲಿಕುರ್ಚಿ ಕಡಿಮೆಯಾಗಿಲ್ಲ. ಬೈಕ್ ಅಪಘಾತದಲ್ಲಿ ಬೆನ್ನುಹುರಿ ಮುರಿದವರು, ಸಕ್ಕರೆ ಕಾಯಿಲೆಗೆ ಕಾಲು ಕೊಟ್ಟವರು, ಲಕ್ವಾ ಹೊಡೆದವರು ಬರುತ್ತಿದ್ದಾರೆ. ನಾಡಕಚೇರಿಗಳಲ್ಲಿ ಬೆಳಗ್ಗೆ ಸಾಲಿನಲ್ಲಿ ನಿಲ್ಲುವವರನ್ನು ನೋಡಿ: ಅಂಗವಿಕಲರ ಮಾಸಾಶನಕ್ಕೆ ಬಂದವರು, ಅರವತ್ತೈದು ದಾಟಿ ಸಂಧ್ಯಾ ಸುರಕ್ಷಾ ಕೇಳಲು ಬಂದವರು, ಮಂಡಿ ಸವೆದ ಅವ್ವಂದಿರು. ಅಂಥ ಕಚೇರಿಗೆ ಮೆಟ್ಟಿಲು ಕಟ್ಟುವುದೆಂದರೆ ಆಸ್ಪತ್ರೆಯನ್ನು ಗುಡ್ಡದ ಮೇಲೆ ಕಟ್ಟಿದಂತೆ.

ಊರಲ್ಲಿ ಯಾರನ್ನು ಕೇಳಬೇಕು ಅನ್ನುವವರಿಗೆ ಇಷ್ಟು ಹೇಳಬಲ್ಲೆ. ಗ್ರಾಮ ಪಂಚಾಯ್ತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಬಹುಪಾಲು ಅವರೂ ನಮ್ಮಂಥವರೇ. ಪಂಚಾಯ್ತಿಯ ಸ್ವಂತ ಆದಾಯದಲ್ಲಿ ಶೇಕಡ 5 ಅಂಗವಿಕಲರಿಗೆ ಮೀಸಲು. ಗ್ರಾಮಸಭೆಯಲ್ಲಿ ಆ ಲೆಕ್ಕ ಕೇಳಿ. 'ಸುಗಮ್ಯ ಭಾರತ' ಎಂಬ ಆ್ಯಪ್ 2021ರಿಂದ ಇದೆ, ಮೆಟ್ಟಿಲ ಫೋಟೊ ತೆಗೆದು ಹಾಕಬಹುದು. ಬೆಂಗಳೂರಿನಲ್ಲಿರುವ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ ದೂರು ಬರೆಯಬಹುದು. ದೂರಿನಲ್ಲಿ ಕಷ್ಟ ಬರೆಯುವುದಕ್ಕಿಂತ ಅಳತೆ ಬರೆಯಿರಿ. 'ಬಹಳ ತೊಂದರೆ ಇದೆ' ಅಂದರೆ 'ಪರಿಶೀಲಿಸಲಾಗುವುದು' ಎಂದು ಉತ್ತರ ಬರುತ್ತದೆ. 'ಎತ್ತರ 30 ಇಂಚು, ರ‍್ಯಾಂಪ್ ಉದ್ದ 8 ಅಡಿ' ಅಂದರೆ ಯಾರಾದರೂ ಟೇಪು ಹಿಡಿದು ಬರಲೇಬೇಕು.

ಈಚೆಗೆ ಒಂದು ಚಿಕ್ಕ ಕಚೇರಿಯ ದುರಸ್ತಿ ನಡೆದಿತ್ತು. ನಾನು ಹೋದಾಗ ಎಳೆಯ ಗೌಂಡಿಯೊಬ್ಬ ದಾರ ಕಟ್ಟುತ್ತಿದ್ದ. ಮೂರು ಮೆಟ್ಟಿಲು, ಹದಿನೆಂಟು ಇಂಚು. ಅವನು ಗುರುತು ಹಾಕಿದ್ದು ಆರು ಅಡಿಗೆ. ಪೈಪು ತೆಗೆದು ಕೊಟ್ಟೆ. ಒಂದು ತುದಿ ವರಾಂಡದ ಅಂಚಿಗೆ ಅವನು ಹಿಡಿದ, ಇನ್ನೊಂದು ತುದಿ ನಾನು. ನೀರು ನಿಂತಮೇಲೆ ಅಳೆದು, ಇಂಚಿಗೆ ಒಂದು ಅಡಿಯಂತೆ ಅಂಗಳದಲ್ಲಿ ಎಣಿಸುತ್ತ ಹೋದ. ಹದಿನೆಂಟು ಮುಗಿದಾಗ ಬೇವಿನ ಮರದ ಬುಡಕ್ಕೆ ಬಂದಿದ್ದ. 'ಇಷ್ಟುದ್ದ ಬೇಕೇನಣ್ಣ?' ಅಂದ. 'ಮರ ಬಿಟ್ಟು ತಿರುಗಿಸು' ಅಂದೆ. ತಿರುಗಿಸಿದ.

ಮುಗಿದಮೇಲೆ ಒಂದು ಸೋಮವಾರ ಹೋದೆ. ಯಾರನ್ನೂ ಕರೆಯಲಿಲ್ಲ. ಬೇವಿನ ನೆರಳಲ್ಲಿ ಕಂಬಿ ತಣ್ಣಗಿತ್ತು. ನೀರಿನ ಕ್ಯಾನು ತುಂಬಿದ ಕೈಗಾಡಿ ತಳ್ಳಿಕೊಂಡು ಒಬ್ಬ ಎದುರಿಗೆ ಇಳಿದು ಬಂದ, ತಟ್ಟಿನಲ್ಲಿ ನಿಂತು ನನಗೆ ದಾರಿ ಬಿಟ್ಟ. ವರಾಂಡ, ಹೊಸ್ತಿಲಿಲ್ಲದ ಬಾಗಿಲು, ಕಿಟಕಿ. ಕಿಟಕಿ ಮಾತ್ರ ಹಳೆಯದೇ, ನಾಲ್ಕು ಅಡಿ ಎತ್ತರ. ಅರ್ಜಿ ಹಿಡಿದ ಕೈಯನ್ನು ಮೇಲೆತ್ತಿದೆ. ಒಳಗಿನಿಂದ ದನಿ ಬಂತು.

'ಯಾರ್ರೀ ಅದು, ಬರೀ ಕೈ ಕಾಣ್ತೈತಿ?'

'ಕೆಳಗೆ ನೋಡ್ರಿ ಸಾರ್' ಅಂದೆ.

ಕುರ್ಚಿ ಸರಿದ ಸದ್ದಾಯಿತು. ಗುಮಾಸ್ತರು ಎದ್ದು ಕಿಟಕಿಯಿಂದ ಹೊರಗೆ ಬಗ್ಗಿದರು. ನನ್ನನ್ನು ನೋಡಿದರು, ಕಿಟಕಿಯ ಕಟ್ಟೆಯನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು.

'ಟೇಪು ತಂದೀರೇನು?' ಅಂದರು.