ಮಣಿಪಾಲದಲ್ಲೊಂದು ಜಂಗಮ ಮಠ

ನಮ್ಮ ಕಡೆಯಿಂದ ಉಡುಪಿಗೆ ಯಾತ್ರೆ ಹೋದವರು ಸಾಮಾನ್ಯವಾಗಿ ಶ್ರೀಕೃಷ್ಣ ಮಠ, ಮಲ್ಪೆಯ ಕಡಲತೀರ, 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭ ಹಾಗೂ ಕಾರ್ಕಳದ ಗೊಮ್ಮಟನನ್ನು ಕಂಡು ಮರಳುವುದು ವಾಡಿಕೆ. ಉಡುಪಿಯಿಂದ ಕೂಗಳತೆಯ ದೂರದಲ್ಲಿರುವ ಮಣಿಪಾಲದಲ್ಲಿ ಒಂದು ಜಂಗಮ ಮಠವಿದೆ ಎಂಬುದು ನಮ್ಮಲ್ಲಿ ಬಹುಮಂದಿಗೆ ತಿಳಿಯದು. ಆ ಮಠಕ್ಕೆ ಸ್ವಾಮಿಗಳಿಲ್ಲ. ಅಲ್ಲಿ ದಾಸೋಹದ ಒಲೆ ಉರಿಯುವುದಿಲ್ಲ; ಲಿಂಗಪೂಜೆಯ ಘಂಟೆ ಕೇಳಿಸುವುದಿಲ್ಲ. ಬೇರೊಂದು ಊರಿನಲ್ಲಿ ಹಾಳಾಗಲಿದ್ದ ಅದನ್ನು ಬಿಚ್ಚಿ, ಹೊತ್ತು ತಂದು, ಇಲ್ಲಿ ಮರಳಿ ನಿಲ್ಲಿಸಲಾಗಿದೆ. ಅದರ ಮುಂದೆ ನಿಂತ ಭಕ್ತನ ಮನಸ್ಸಿನಲ್ಲಿ ಏಕಕಾಲಕ್ಕೆ ಎರಡು ಭಾವಗಳು ಮೂಡುತ್ತವೆ. ಒಂದು, ಉಳಿಸಿದವರ ಬಗೆಗೆ ಕೃತಜ್ಞತೆ. ಮತ್ತೊಂದು, ಉಳಿಸಬೇಕಾಗಿದ್ದ ನಾವು ಎಲ್ಲಿದ್ದೆವು ಎಂಬ ಸಂಕೋಚ.

ಒಬ್ಬ ಬ್ಯಾಂಕ್ ಉದ್ಯೋಗಿಯ ಹಠ

ಈ ಮಠವಿರುವ ಸ್ಥಳದ ಹೆಸರು ಹಸ್ತಶಿಲ್ಪ ಪಾರಂಪರಿಕ ಗ್ರಾಮ. ಇದರ ನಿರ್ಮಾತೃ ವಿಜಯನಾಥ ಶೆಣೈ. 1934ರಲ್ಲಿ ಜನಿಸಿದ ಅವರು ಮಣಿಪಾಲದಲ್ಲಿ ಪ್ರಧಾನ ಕಚೇರಿ ಹೊಂದಿದ್ದ ಸಿಂಡಿಕೇಟ್ ಬ್ಯಾಂಕಿನಲ್ಲಿ ಉದ್ಯೋಗಿಯಾಗಿದ್ದರು. ವಾಸ್ತುಶಿಲ್ಪವನ್ನು ಶಾಲೆಯಲ್ಲಿ ಕಲಿತವರಲ್ಲ. ಅರಸು ಮನೆತನದವರೂ ಅಲ್ಲ. ಹಳೆಯ ಮನೆಗಳನ್ನು ಕೆಡವಿದ ಜಾಗಗಳಲ್ಲಿ ಸೌದೆಯ ಬೆಲೆಗೆ ಮಾರಾಟವಾಗುತ್ತಿದ್ದ ಕಂಬ, ಬಾಗಿಲು, ತೊಲೆಗಳನ್ನು ಕಂಡು ಅವರ ಕರುಳು ಚುರುಕ್ಕೆಂದಿತು. ಅವನ್ನು ಕೊಂಡು ತಂದು ತಮ್ಮ ವಾಸಕ್ಕೆ ‘ಹಸ್ತಶಿಲ್ಪ’ವೆಂಬ ಮನೆಯನ್ನು ಕಟ್ಟಿಕೊಂಡರು. ನೋಡಲು ಬರುವವರ ಸಂಖ್ಯೆ ಬೆಳೆದು ಕೊನೆಗೆ ಆ ಮನೆಯೇ ಸಂಗ್ರಹಾಲಯವಾಯಿತು.

ಬಿಡಿ ಕಂಬಗಳನ್ನು ಉಳಿಸಿದರೆ ಸಾಲದು, ಮನೆಯನ್ನು ಮನೆಯಾಗಿಯೇ ಉಳಿಸಬೇಕೆಂಬ ಹಂಬಲದಿಂದ 1997ರಲ್ಲಿ ಹಸ್ತಶಿಲ್ಪ ಟ್ರಸ್ಟ್ ಸ್ಥಾಪನೆಗೊಂಡಿತು. ಸುಮಾರು ಆರು ಎಕರೆ ಪ್ರದೇಶದಲ್ಲಿ ಮನೆಗಳು ಒಂದೊಂದಾಗಿ ಎದ್ದುನಿಂತವು. ಕಾರ್ಕಳದ ಬಳಿಯ ಮಿಯಾರಿನ ಮನೆ, ಕಾಪು ಸೀಮೆಯ ಕುಂಜೂರಿನ ಚೌಕಿಮನೆ, ಮಂಗಳೂರಿನ ಕ್ರೈಸ್ತರ ಮನೆ, ಮುಧೋಳದ ಅರಮನೆಯ ದರ್ಬಾರು, ಕುಕನೂರಿನ ಕಮಲ ಮಹಲ್, ಬಸವಕಲ್ಯಾಣದ ನೆರೆಯ ಹುಮನಾಬಾದಿನ ನವಾಬ ಮಹಲ್ ಇವೆಲ್ಲ ಒಂದೇ ಆವರಣದಲ್ಲಿ ನೆರೆಹೊರೆಯಾಗಿವೆ. ಇವುಗಳ ನಡುವೆ ನಮ್ಮ ವೀರಶೈವ ಜಂಗಮ ಮಠವೂ ಇದೆ. ಶೆಣೈ ಅವರು 2017ರಲ್ಲಿ ನಿಧನರಾದರು. ಅವರ ಕಾರ್ಯ ನಿಂತಿದೆ.

ಇಂಥ ಸ್ಥಳಾಂತರ ಸಾಧ್ಯವಾದದ್ದು ನಮ್ಮ ಹಿಂದಿನ ಬಡಗಿಗಳ ಜಾಣ್ಮೆಯಿಂದ. ಅವರು ಮರಕ್ಕೆ ಮರವನ್ನು ಮೊಳೆಯಿಂದ ಜಡಿಯುತ್ತಿರಲಿಲ್ಲ. ಒಂದರ ತುದಿಯನ್ನು ಕೊರೆದು ಇನ್ನೊಂದರ ಕುಳಿಯಲ್ಲಿ ಕೂಡಿಸಿ, ಮರದ ಗೂಟದಿಂದ ಬಿಗಿಯುತ್ತಿದ್ದರು. ಹಾಗೆ ಕೂಡಿಸಿದ್ದನ್ನು ಹಾಗೆಯೇ ಬಿಚ್ಚಬಹುದು. ಮೊದಲು ಇಡೀ ಕಟ್ಟಡದ ಅಳತೆ ತೆಗೆದು ನಕ್ಷೆ ಬರೆಯಬೇಕು; ಭಾವಚಿತ್ರ ತೆಗೆಯಬೇಕು; ಪ್ರತಿಯೊಂದು ತುಂಡಿಗೂ ಅಂಕಿ ಹಾಕಬೇಕು. ಅನಂತರವೇ ಬಿಚ್ಚುವುದು. ಒಂದು ಅಂಕಿ ತಪ್ಪಿದರೆ ಚಾವಣಿ ಕೂಡುವುದಿಲ್ಲ. ಮಣ್ಣಿನ ಗೋಡೆಯನ್ನು ಮಾತ್ರ ಹೊತ್ತು ತರಲಾಗದು. ಅದನ್ನು ಹೊಸ ಜಾಗದಲ್ಲಿ ಹೊಸದಾಗಿಯೇ ಕಟ್ಟಬೇಕಾಗುತ್ತದೆ.

ಮನೆಗಳೇಕೆ ಉರುಳಿದವು?

ಕಾರ್ಕಳದಲ್ಲಿ 1432ರಲ್ಲಿ ಪ್ರತಿಷ್ಠೆಗೊಂಡ ಬಾಹುಬಲಿ ಇಂದಿಗೂ ಬೆಟ್ಟದ ಮೇಲೆ ನಿಂತಿದ್ದಾನೆ. 1586ರ ಚತುರ್ಮುಖ ಬಸದಿ ನಾಲ್ಕು ದಿಕ್ಕಿಗೂ ಬಾಗಿಲು ತೆರೆದುಕೊಂಡಿದೆ. ಅವು ಕಲ್ಲಿನವು, ಅವುಗಳಿಗೆ ಪುರಾತತ್ತ್ವ ಇಲಾಖೆಯ ಕಾವಲಿದೆ. ಆದರೆ ಅದೇ ಸೀಮೆಯಲ್ಲಿ ಜನ ಬಾಳಿ ಬದುಕಿದ ಮರದ ಮನೆಗಳಿಗೆ ಅಂಥ ಕಾವಲು ದೊರೆಯಲಿಲ್ಲ.

ಕರಾವಳಿಯ ದೊಡ್ಡ ಮನೆಗಳು ನಿಂತಿದ್ದುದು ಕೂಡುಕುಟುಂಬ ಮತ್ತು ಗೇಣಿಯ ಅಕ್ಕಿ ಎಂಬ ಎರಡು ಕಂಬಗಳ ಮೇಲೆ. ಅಳಿಯಕಟ್ಟಿನ ಕುಟುಂಬಗಳಲ್ಲಿ ಆಸ್ತಿ ಪಾಲಾಗಲು 1949ರ ಕಾಯಿದೆ ದಾರಿ ಮಾಡಿತು. ಬಳಿಕ 1974ರಲ್ಲಿ ದೇವರಾಜ ಅರಸು ಅವರ ಸರಕಾರ ಜಾರಿಗೆ ತಂದ ಭೂಸುಧಾರಣೆಯಿಂದ ಉಳುವವನೇ ಹೊಲದೊಡೆಯನಾದ. ಇದು ನ್ಯಾಯವಾದ ಬದಲಾವಣೆ. ಕಾಯಕಕ್ಕೆ ಫಲ ಸಲ್ಲಬೇಕೆಂದ ಶರಣರ ಪರಂಪರೆಯವರಾದ ನಾವು ಇದಕ್ಕೆ ಕೊರಗುವಂತಿಲ್ಲ. ಆ ದೊಡ್ಡ ಮನೆಗಳ ಕಂಬಗಳಿಗೆ ಎಷ್ಟೋ ಬಡ ಒಕ್ಕಲುಗಳ ಬೆವರಿನ ನೆಲಗಟ್ಟಿತ್ತು ಎಂಬುದನ್ನೂ ಮರೆಯಲಾಗದು. ಆದರೆ ಅಕ್ಕಿ ಬರುವುದು ನಿಂತಾಗ, ಮಕ್ಕಳು ಮುಂಬಯಿ–ಬೆಂಗಳೂರು ಸೇರಿದಾಗ, ವರುಷಕ್ಕೊಮ್ಮೆ ಹೆಂಚು ಕೈಯಾಡಿಸುವ ವೆಚ್ಚವೂ ಹೊರೆಯಾಯಿತು. ಕರಾವಳಿಯ ಮಳೆಗಾಲ ಬಹು ದೀರ್ಘ. ಒಡೆದ ಒಂದು ಹೆಂಚು ಒಂದು ಪಕಾಸಿಯನ್ನು ಕೊಳೆಸುತ್ತದೆ, ಆ ಪಕಾಸಿ ತೊಲೆಯನ್ನು. ಕೆಲವೇ ಮಳೆಗಾಲಗಳಲ್ಲಿ ಮನೆ ನೆಲ ಹಿಡಿಯುತ್ತದೆ.

ಮನೆಯಲ್ಲಿ ಜನರಿದ್ದಾಗ ಹೀಗಾಗುತ್ತಿರಲಿಲ್ಲ. ಒಲೆಯ ಹೊಗೆ ಚಾವಣಿಯ ಮರವನ್ನು ಒಣಗಿಸಿ ಹುಳುಗಳನ್ನು ದೂರವಿಡುತ್ತಿತ್ತು. ನಿತ್ಯ ಕಸ ಗುಡಿಸುವ ತಾಯಿ ಗೆದ್ದಲಿನ ಮೊದಲ ಗೆರೆಯನ್ನು ಅಂದೇ ಕಾಣುತ್ತಿದ್ದಳು. ಬೀಗ ಹಾಕಿದ ಮನೆಗೆ ಈ ಎರಡೂ ಇಲ್ಲ.

ಘಟ್ಟದ ಕೆಳಗೆ ಜಂಗಮರು

ಕರಾವಳಿಗೆ ಜಂಗಮ ಮಠ ಬಂದುದು ಹೇಗೆಂದು ಓದುಗರು ಕೇಳಬಹುದು. ಉತ್ತರ ಕೆಳದಿಯ ಇತಿಹಾಸದಲ್ಲಿದೆ. 1499ರಿಂದ 1763ರವರೆಗೆ ಆಳಿದ ಕೆಳದಿಯ ನಾಯಕರು ವೀರಶೈವರು. ಹಿರಿಯ ವೆಂಕಟಪ್ಪನಾಯಕನ ಕಾಲಕ್ಕೆ ಅವರ ಆಡಳಿತ ಘಟ್ಟವಿಳಿದು ತುಳುನಾಡಿನಲ್ಲಿ ಬಲವಾಗಿ ಬೇರೂರಿತು. ಶಿವಪ್ಪನಾಯಕನು ಬಸರೂರಿನ ರೇವಿನಿಂದ ಪೋರ್ಚುಗೀಸರನ್ನು ಹೊರದೂಡಿದನು. ಮೆಣಸು–ಅಕ್ಕಿಯ ಹೇರುಗಳು ಸಾಗುತ್ತಿದ್ದ ದಾರಿಗಳಲ್ಲಿ ಮಠಗಳು ಎದ್ದವು. ಅಲ್ಲಿ ದಾರಿಹೋಕರಿಗೆ ಅನ್ನ, ಜಂಗಮರಿಗೆ ತಂಗುದಾಣ, ಮಕ್ಕಳಿಗೆ ಅಕ್ಷರ ದೊರೆಯುತ್ತಿತ್ತು. 1763ರಲ್ಲಿ ಬಿದನೂರು ಹೈದರಾಲಿಯ ವಶವಾದ ಬಳಿಕ ಆ ಮಠಗಳಿಗಿದ್ದ ರಾಜಾಶ್ರಯ ಇಲ್ಲವಾಯಿತು. ವ್ಯಾಪಾರದ ದಾರಿಗಳೂ ಕಾಲಕ್ರಮದಲ್ಲಿ ಬದಲಾದವು. ದಾರಿ ಬದಲಾದರೆ ದಾರಿಯ ಮಠಕ್ಕೆ ಅತಿಥಿಗಳೆಲ್ಲಿಂದ? ಮಣಿಪಾಲದ ಮಠವನ್ನು ಕಾಣುವಾಗ ಈ ಹಿನ್ನೆಲೆ ನಮ್ಮ ಮನಸ್ಸಿನಲ್ಲಿರಬೇಕು.

ಸ್ಥಾವರದ ಮೋಹವೇ?

ಇಲ್ಲಿ ಒಂದು ಸಂದೇಹ ಸಹಜ. ದೇಹವನ್ನೇ ದೇಗುಲವೆಂದ ಬಸವಣ್ಣನವರ ಅನುಯಾಯಿಗಳಿಗೆ ಹಳೆಯ ಕಟ್ಟಡದ ಹಂಬಲವೇಕೆ? ಸ್ಥಾವರಕ್ಕಿಂತ ಜಂಗಮವನ್ನು ಮೇಲಾಗಿ ಕಂಡ ಧರ್ಮ ನಮ್ಮದಲ್ಲವೇ?

ಮಾತು ಸರಿಯಾದುದೇ. ಆದರೆ ಶರಣರು ಪ್ರಶ್ನಿಸಿದ್ದು ಸಿರಿವಂತಿಕೆಯ ಪ್ರದರ್ಶನವನ್ನು; ಮನುಷ್ಯರು ಕೂಡಿ ಕಾಯಕ ಮಾಡುವ, ಅನುಭಾವ ನಡೆಸುವ, ಹಸಿದವನಿಗೆ ಉಣಿಸುವ ಮನೆಯನ್ನಲ್ಲ. ಒಳ್ಳೆಯ ಮರದ ಕಂಬವೆಂದರೆ ಹೆಸರಿಲ್ಲದ ಒಬ್ಬ ಬಡಗಿಯ ಕಾಯಕ. ಅದನ್ನು ಸೌದೆಯ ಬೆಲೆಗೆ ಮಾರುವುದು ಕಾಯಕಕ್ಕೆ ತೋರುವ ಅಗೌರವ. ಜಂಗಮತತ್ತ್ವ ನಮಗೆ ಇನ್ನೊಂದು ಪಾಠವನ್ನೂ ಹೇಳುತ್ತದೆ: ಕಟ್ಟಡವನ್ನು ಹಾಗೆಯೇ ಹೆಪ್ಪುಗಟ್ಟಿಸುವುದು ರಕ್ಷಣೆಯಲ್ಲ. ಅದರೊಳಗೆ ಚಲನೆ ಇರಬೇಕು, ಜನ ಇರಬೇಕು. ನಿನ್ನೆಯ ಉಪಯೋಗ ಮುಗಿದಿದ್ದರೆ ಇಂದಿನ ಉಪಯೋಗ ಒದಗಬೇಕು.

ಲೋಕದ ತಜ್ಞರೂ ಇದೇ ನಿಲುವಿಗೆ ಬಂದಿದ್ದಾರೆ. 1964ರಲ್ಲಿ ವೆನಿಸ್ ನಗರದಲ್ಲಿ ರೂಪುಗೊಂಡ ಸನ್ನದು, ಪುರಾತನ ಕಟ್ಟಡವನ್ನು ಸಮಾಜಕ್ಕೆ ಉಪಯುಕ್ತವಾದ ಕಾರ್ಯಕ್ಕೆ ಬಳಸುವುದು ಅದರ ರಕ್ಷಣೆಗೆ ಅನುಕೂಲವೆಂದು ಹೇಳಿದೆ. ಕಟ್ಟಡವನ್ನು ಅದರ ನೆಲದಿಂದ ಕೀಳುವುದು ಅನಿವಾರ್ಯ ಸಂದರ್ಭದಲ್ಲಿ ಮಾತ್ರವೆಂಬುದೂ ಅದರ ಮತ. ಸ್ವೀಡನ್ ದೇಶದ ಸ್ಟಾಕ್‌ಹೋಮಿನಲ್ಲಿ 1891ರಷ್ಟು ಹಿಂದೆಯೇ ಹಳ್ಳಿಮನೆಗಳನ್ನು ತಂದು ನಿಲ್ಲಿಸಿದ ಸ್ಕಾನ್ಸೆನ್ ಸಂಗ್ರಹಾಲಯ ಸ್ಥಾಪನೆಯಾಯಿತು. ಚೆನ್ನೈ ಸಮೀಪದ ದಕ್ಷಿಣಚಿತ್ರವೂ ಅದೇ ಜಾತಿಯದು. ಇವೆಲ್ಲ ಆಪತ್ಕಾಲದ ಆಸ್ಪತ್ರೆಗಳಿದ್ದಂತೆ. ಆಸ್ಪತ್ರೆ ಬೇಕು, ಆದರೆ ಆಸ್ಪತ್ರೆ ಸೇರದಂತೆ ಆರೋಗ್ಯ ಕಾಯ್ದುಕೊಳ್ಳುವುದು ಲೇಸು.

ಜೀರ್ಣೋದ್ಧಾರವೆಂದರೆ

ನಮ್ಮಲ್ಲಿ ‘ಜೀರ್ಣೋದ್ಧಾರ’ವೆಂಬ ಮಾತಿಗೆ ಇಂದು ಪೂರ್ತಿ ಕೆಡವಿ ಹೊಸದು ಕಟ್ಟುವುದೆಂಬ ಅರ್ಥ ಬಂದುಬಿಟ್ಟಿದೆ. ಅದಕ್ಕೂ ತನ್ನದೇ ಆದ ಸಂಪ್ರದಾಯವಿದೆ. ಕಾಪುವಿನ ಹೊಸ ಮಾರಿಗುಡಿ ನಮ್ಮ ಇಳಕಲ್ಲಿನ ಕೆಂಪು ಶಿಲೆಯಲ್ಲಿ ಹೊಸದಾಗಿ ನಿರ್ಮಾಣಗೊಂಡು 2025ರಲ್ಲಿ ಬ್ರಹ್ಮಕಲಶೋತ್ಸವ ಕಂಡಿತು. ಅದು ನಿತ್ಯ ಪೂಜೆಗೊಳ್ಳುವ ಕ್ಷೇತ್ರ. ಭಕ್ತರ ಸಂಕಲ್ಪದಂತೆ ಬೆಳೆದಿದೆ. ಆದರೆ ಎಲ್ಲ ಕಟ್ಟಡಕ್ಕೂ ಇದೇ ಮಾರ್ಗವೆಂದು ಭಾವಿಸಿ ನೂರು ವರುಷದ ಮಠವನ್ನು ಕೆಡವಿ ಸಿಮೆಂಟಿನ ಡಬ್ಬಿಯನ್ನು ನಿಲ್ಲಿಸಿದರೆ ನಷ್ಟ ನಮ್ಮದೇ.

ಈ ಮಾತನ್ನು ಅಧಿಕಾರದಿಂದಲ್ಲ, ಪಶ್ಚಾತ್ತಾಪದಿಂದ ಬರೆಯುತ್ತಿದ್ದೇನೆ. ನಮ್ಮ ಅಜ್ಜನ ವಾಡೆಯ ಹೆಬ್ಬಾಗಿಲನ್ನು ನಾವು ಅಣ್ಣತಮ್ಮಂದಿರೇ ಪಾಲಿನ ಸಮಯದಲ್ಲಿ ಹಳೆ ಮರದ ವ್ಯಾಪಾರಿಗೆ ಕೊಟ್ಟೆವು. ಬಾಗಿಲನ್ನು ಪಾಲು ಮಾಡಲು ಬರುವುದಿಲ್ಲ, ಹಣವನ್ನಾದರೆ ಮಾಡಬಹುದು ಎಂಬುದು ಅಂದಿನ ಲೆಕ್ಕ. ಬಂದ ಹಣ ಯಾರ ಕೈಯಲ್ಲಿ ಹೇಗೆ ಕರಗಿತೆಂಬುದು ಇಂದು ಯಾರಿಗೂ ನೆನಪಿಲ್ಲ. ಆದರೆ ಆ ಬಾಗಿಲ ಮೇಲ್ಪಟ್ಟಿಯಲ್ಲಿ ಕೆತ್ತಿದ್ದ ನಂದಿಗೆ ನಮ್ಮವ್ವ ನಿತ್ಯ ವಿಭೂತಿ ಹಚ್ಚುತ್ತಿದ್ದುದು ನಮ್ಮೆಲ್ಲರಿಗೂ ನೆನಪಿದೆ. ಮಣಿಪಾಲದಲ್ಲಿ ಅನ್ಯರ ಬಾಗಿಲುಗಳ ಮುಂದೆ ನಿಂತಾಗ ನಾನು ಹುಡುಕುತ್ತಿದ್ದುದು ಅದನ್ನೇ.

ನಾವು ಮಾಡಬಹುದಾದದ್ದು

ಬಯಲುಸೀಮೆಯ ನಮ್ಮ ಊರೂರುಗಳಲ್ಲಿ ವಾಡೆಗಳಿವೆ, ಶಾಖಾಮಠಗಳಿವೆ. ಅವುಗಳಲ್ಲಿ ಎಷ್ಟೋ ಬೀಗ ಹಾಕಿವೆ. ಅವುಗಳಿಗೆ ಮೊದಲು ಬೇಕಾದುದು ಹಣವಲ್ಲ, ಉಪಯೋಗ. ಓದುವ ಮಕ್ಕಳ ಪ್ರಸಾದ ನಿಲಯ, ಊರ ವಾಚನಾಲಯ, ಅಕ್ಕನ ಬಳಗದ ವಚನ ತರಗತಿ, ಹೊಲಿಗೆ ಶಾಲೆ, ಹಿರಿಯರ ಹಗಲು ಮನೆ ಇವುಗಳಲ್ಲಿ ಯಾವುದಾದರೂ ಒಂದು ಅಲ್ಲಿ ನಡೆದರೆ ಸಾಕು. ನಿತ್ಯ ಗುಡಿಸುವ ಕೈಗಳು ತಾವಾಗಿ ಬರುತ್ತವೆ. 1906ರಲ್ಲಿ ಲಿಂಗೈಕ್ಯರಾದ ಶಿರಸಂಗಿ ಲಿಂಗರಾಜರು ತಮ್ಮ ದೇಸಗತಿಯ ಆಸ್ತಿಯನ್ನೇ ವಿದ್ಯಾರ್ಥಿಗಳ ಶಿಕ್ಷಣಕ್ಕೆ ಮೀಸಲಿಟ್ಟರು. ವಾಡೆಯ ಸಂಪತ್ತು ವಿದ್ಯೆಯಾಗಿ ಹರಿಯಬಲ್ಲುದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ದುರಸ್ತಿಗೆ ಕೈ ಹಾಕುವ ಮುನ್ನ ಕೆಲವು ಸಂಗತಿಗಳನ್ನು ಗಮನಿಸುವುದು ಒಳಿತು. ಮೊದಲ ಹಣವನ್ನು ಚಾವಣಿಗೆ ವೆಚ್ಚ ಮಾಡಬೇಕು, ಬಣ್ಣ ಕೊನೆಗೆ. ಮಣ್ಣಿನ ಹಾಗೂ ಸುಣ್ಣದ ಗಾರೆಯ ಗೋಡೆಗೆ ಸಿಮೆಂಟು ಬಳಿಯಬಾರದು. ಅಂಥ ಗೋಡೆ ಹೀರಿದ ತೇವವನ್ನು ಹೊರಬಿಡುತ್ತದೆ. ಸಿಮೆಂಟು ಅದನ್ನು ಒಳಗೇ ಕಟ್ಟಿಹಾಕಿ, ಗೋಡೆಯಲ್ಲಿ ಹೂತ ತೊಲೆಯ ತುದಿಯನ್ನು ಕೊಳೆಸುತ್ತದೆ. ಅದಕ್ಕೆ ಸುಣ್ಣದ ಗಾರೆಯೇ ತಕ್ಕುದು. ಕೊಳೆತ ತೊಲೆಯನ್ನು ಇಡಿಯಾಗಿ ಎಸೆಯದೆ, ಕೆಟ್ಟ ಭಾಗವನ್ನಷ್ಟೇ ಕತ್ತರಿಸಿ ಹೊಸ ಮರವನ್ನು ಬೆಸೆಯುವ ವಿದ್ಯೆ ಬಲ್ಲ ಬಡಗಿಗಳು ಇನ್ನೂ ಇದ್ದಾರೆ. ಹಳೆಯ ಗೋಡೆಯ ಮೇಲೆ ಕಾಂಕ್ರೀಟಿನ ಭಾರ ಹೇರುವ ಮುನ್ನ ಬಲ್ಲ ಎಂಜಿನಿಯರರನ್ನು ಕೇಳಬೇಕು. ಕೆಡವುವುದು ಅನಿವಾರ್ಯವಾದರೂ ನಕ್ಷೆ ಮತ್ತು ಭಾವಚಿತ್ರಗಳನ್ನು ತೆಗೆದಿರಿಸಬೇಕು. ಕಂಬ–ಬಾಗಿಲುಗಳನ್ನು ಮಾರದೆ ಹೊಸ ಕಟ್ಟಡದಲ್ಲಿಯೇ ಅಳವಡಿಸಬಹುದು.

ಉಡುಪಿ ಸೀಮೆಗೆ ಹೋಗುವ ಬಂಧುಗಳು ಮಕ್ಕಳೊಡನೆ ಮಣಿಪಾಲದ ಆ ಮಠವನ್ನು ಅವಶ್ಯ ಕಂಡು ಬರಲಿ. ಅದನ್ನು ಉಳಿಸಿಕೊಟ್ಟವರು ನಮ್ಮ ಸಮಾಜದವರಲ್ಲ ಎಂಬುದನ್ನು ಮಕ್ಕಳಿಗೆ ಹೇಳಲಿ. ಒಳ್ಳೆಯದನ್ನು ಯಾರು ಮಾಡಿದರೂ ಅವರು ನಮ್ಮವರೇ ಎಂಬುದನ್ನೂ ಹೇಳಲಿ. ಊರಿಗೆ ಮರಳಿದ ಮೇಲೆ, ಮುಂದಿನ ಮಳೆಗಾಲಕ್ಕೆ ಮುನ್ನ, ತಮ್ಮ ಊರ ಮಠದ ಬೀಗವನ್ನೊಮ್ಮೆ ತೆರೆಸಿ ಒಳಹೊಕ್ಕು ತಲೆಯೆತ್ತಿ ನೋಡಲಿ. ಎಲ್ಲಿಯಾದರೂ ಹೆಂಚು ಸರಿದು ಬೆಳಕು ಇಣುಕುತ್ತಿದ್ದರೆ, ಕೆಲಸ ಅಲ್ಲಿಂದಲೇ ಆರಂಭವಾಗಲಿ.