ಯುದ್ಧ ಮುಗಿದರೂ ಮುಗಿಯದ ಲೆಕ್ಕ

ಮೊದಲ ಮಹಾಯುದ್ಧದ ಗುಂಡಿನ ಸದ್ದು 1918ರ ನವೆಂಬರ್ 11ರಂದೇ ಅಡಗಿತ್ತು. ಆದರೆ ಸೈನಿಕರನ್ನು ಊರಿಗೆ ಕರೆತರಲು, ಬಾಕಿ ತೀರಿಸಲು ಅಮೆರಿಕ ಸರ್ಕಾರಕ್ಕೆ ಹಣ ಬೇಕಿತ್ತು. 1919ರ ಏಪ್ರಿಲ್ 21ರಂದು ಜನರಿಂದ ಸಾಲ ಎತ್ತುವ ‘ವಿಕ್ಟರಿ ಲಿಬರ್ಟಿ ಲೋನ್’ ಶುರುವಾಯಿತು. ಗುರಿ 450 ಕೋಟಿ ಡಾಲರ್, ಬಡ್ಡಿ ಶೇ 4.75.

ಶತ್ರುವಿನ ಭಯ ತೋರಿಸುವ ಕಾಲ ಮುಗಿದಿತ್ತು. ಈಗ ಪೋಸ್ಟರುಗಳೇ ಜನರ ಮನ ಒಲಿಸಬೇಕು! ಗೆರಿಟ್ ಬೆನೆಕರ್ ಬರೆದ ಪೋಸ್ಟರಿನಲ್ಲಿ ಕಾರ್ಮಿಕನೊಬ್ಬ ನಗುತ್ತಾ ಜೇಬಿಗೆ ಕೈ ಹಾಕಿದ್ದಾನೆ. ಎದೆಯ ಮೇಲೆ ಸರ್ಕಾರದ ಹಿಂದಿನ ಇಂಥ ಸಾಲಗಳಿಗೆ ಹಣ ಕೊಟ್ಟಿದ್ದಕ್ಕೆ ಸಿಕ್ಕ ಬಿಲ್ಲೆಗಳ ಸಾಲು.

ಹೊವರ್ಡ್ ಚಾಂಡ್ಲರ್ ಕ್ರಿಸ್ಟಿಯ ‘ಅಮೆರಿಕನ್ಸ್ ಆಲ್’ ಪೋಸ್ಟರ್ ಇನ್ನೂ ಮನಮುಟ್ಟುವಂಥದ್ದು. ಅದರ ಗೌರವ ಪಟ್ಟಿಯಲ್ಲಿ ಓಬ್ರಿಯನ್, ಲೆವಿ, ಕೊವಾಲ್ಸ್ಕಿ, ಗೊನ್ಜಾಲೆಸ್ ಹೀಗೆ ನಾನಾ ಮೂಲದ ಹೆಸರುಗಳು. ವಲಸೆ ಬಂದವರೂ ನಮ್ಮವರೇ ಎಂದು ಸರ್ಕಾರವೇ ಗೋಡೆಗೋಡೆಯ ಮೇಲೆ ಸಾರಿತ್ತು.

ಮೂರೇ ವಾರದಲ್ಲಿ ಗುರಿಗಿಂತ ಹೆಚ್ಚು ಹಣ ಹರಿದುಬಂತು.