ಹಿಮದಡಿಯ ನೀರು, ಬಂಡೆಯಡಿಯ ನೀರು

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ಮತ್ತು ಚಳ್ಳಕೆರೆ, ರಾಜ್ಯದಲ್ಲೇ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳ ಸಾಲಿಗೆ ಸೇರಿದವು. ಇಲ್ಲಿ ವರ್ಷಕ್ಕೆ ಬೀಳುವ ಮಳೆ 500 ಮಿಲಿಮೀಟರಿನ ಆಸುಪಾಸು. ಶೇಂಗಾ ಬಿತ್ತಿದ ರೈತ ಮೊದಲು ಮುಗಿಲು ನೋಡುತ್ತಾನೆ. ಮುಗಿಲು ಕೈಕೊಟ್ಟರೆ ನೆಲ ನೋಡುತ್ತಾನೆ. ಕೊಳವೆ ಬಾವಿ ಎಲ್ಲಿ ಕೊರೆಸಬೇಕೆಂಬುದು ಅವನ ಪಾಲಿಗೆ ಅಳಿವು ಉಳಿವಿನ ಪ್ರಶ್ನೆ. ಏಕೆಂದರೆ ನೀರು ಸಿಗಲಿ, ಬರೀ ಕಲ್ಲುಪುಡಿ ಹಾರಲಿ, ಕೊರೆದ ಅಡಿಗಳ ಲೆಕ್ಕಕ್ಕೆ ಹಣ ತೆರಲೇಬೇಕು.

ಈ ಪ್ರಶ್ನೆ ಹಳೆಯದು. ಆರನೆಯ ಶತಮಾನದ ವರಾಹಮಿಹಿರ ತನ್ನ ‘ಬೃಹತ್ಸಂಹಿತೆ’ಯ ಒಂದು ಅಧ್ಯಾಯವನ್ನೇ ನೆಲದಡಿಯ ನೀರಿಗೆ ಮೀಸಲಿಟ್ಟು, ಮರ ಮತ್ತು ಹುತ್ತಗಳನ್ನು ಅದರ ಕುರುಹುಗಳಾಗಿ ಹೇಳಿದ್ದಾನೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡೋ ಕವಲುಕಡ್ಡಿ ಹಿಡಿದೋ ಹೊಲ ಸುತ್ತುವವರು ಇಂದಿಗೂ ಉಂಟು. ಕಾಯಿ ಎದ್ದು ನಿಲ್ಲುವುದಕ್ಕೂ ನೀರಿಗೂ ಇರುವ ನಂಟು ಪರೀಕ್ಷೆಗಳಲ್ಲಿ ಸಾಬೀತಾಗಿಲ್ಲ. ನೆಲಕ್ಕೆ ಗೂಟ ನೆಟ್ಟು, ವಿದ್ಯುತ್ ಹರಿಸಿ, ಅದಕ್ಕೆ ಎದುರಾಗುವ ತಡೆಯನ್ನು ಅಳೆಯುವ ಭೂವಿಜ್ಞಾನಿಯ ವಿಧಾನ ಹೆಚ್ಚು ನಂಬಲರ್ಹ. ಆದರೆ ಒಮ್ಮೆಗೆ ಒಂದೇ ಜಾಗವನ್ನು ನೋಡುವ ಈ ಕೆಲಸ ನಿಧಾನದ್ದು.

ಹಾಗಾದರೆ ಆಕಾಶದಿಂದಲೇ ನೆಲದಡಿಯ ನೀರನ್ನು ಕಾಣಲಾಗದೆ? ಅಂಟಾರ್ಕ್ಟಿಕದಲ್ಲಿ ಇದು ಸಾಧ್ಯವಾಗಿದೆ. ಹಿಮದ ಮೇಲೆ ಹಾರುವ ವಿಮಾನಗಳ ಎತ್ತರ ಅಳೆಯುವ ರೇಡಾರ್ ತಪ್ಪು ಲೆಕ್ಕ ಕೊಡುತ್ತಿದ್ದುದು ಹಿಂದೆಯೇ ಗಮನಕ್ಕೆ ಬಂದಿತ್ತು. ರೇಡಿಯೋ ಅಲೆಗಳು ಹಿಮದ ಮೇಲ್ಮೈಯಿಂದ ಮರಳದೆ ಒಳಗೆ ಇಳಿಯುತ್ತಿದ್ದವು. ತಣ್ಣನೆಯ ಶುದ್ಧ ಹಿಮ ಈ ಅಲೆಗಳಿಗೆ ಬಹುಮಟ್ಟಿಗೆ ಗಾಜಿನಂತೆ ಪಾರದರ್ಶಕ. ಅಲೆಯು ಹಿಮದ ತಳದ ಬಂಡೆಗೆ ತಾಗಿದರೆ ಮರುದನಿ ಮಂಕಾಗಿ, ಅಂಕುಡೊಂಕಾಗಿ ಬರುತ್ತದೆ. ನೀರಿಗೆ ತಾಗಿದರೆ ಕನ್ನಡಿಗೆ ಬಡಿದಂತೆ ಪ್ರಖರವಾಗಿ, ಸಪಾಟಾಗಿ ಮರಳುತ್ತದೆ. ಈ ಗುರುತು ಹಿಡಿದು ಬ್ರಿಟನ್ನಿನ ವಿಜ್ಞಾನಿಗಳು 1973ರಲ್ಲಿ 17 ಹಿಮಗರ್ಭ ಸರೋವರಗಳನ್ನು ಪಟ್ಟಿ ಮಾಡಿದರು. ಇಂದು ಅಲ್ಲಿ ಅಂಥವು 600ಕ್ಕೂ ಹೆಚ್ಚು ಗೊತ್ತಾಗಿವೆ. ಅವುಗಳಲ್ಲಿ ದೊಡ್ಡದಾದ ವೋಸ್ತೋಕ್ ಸುಮಾರು 4 ಕಿಲೋಮೀಟರ್ ದಪ್ಪದ ಹಿಮದಡಿ ಸುಮಾರು 250 ಕಿಲೋಮೀಟರ್ ಉದ್ದಕ್ಕೆ ಚಾಚಿಕೊಂಡಿದೆ. ಭೂಮಿಯ ಒಳಶಾಖ ಮತ್ತು ಮೇಲಿನ ಹಿಮದ ಒತ್ತಡದಿಂದಾಗಿ ಅಲ್ಲಿನ ನೀರು ಹೆಪ್ಪುಗಟ್ಟದೆ ಉಳಿದಿದೆ.

ಅದೇ ರೇಡಾರನ್ನು ಮೊಳಕಾಲ್ಮೂರಿನ ಮೇಲೆ ಹಾರಿಸಿದರೆ ಮಾತ್ರ ಫಲವಿಲ್ಲ. ತೇವದ ಮಣ್ಣು, ಜೇಡಿಗಳಲ್ಲಿ ವಿದ್ಯುತ್ ಸುಲಭವಾಗಿ ಹರಿಯುವುದರಿಂದ ಅವು ಆ ಅಲೆಗಳನ್ನು ಕೆಲವೇ ಮೀಟರುಗಳಲ್ಲಿ ನುಂಗಿಬಿಡುತ್ತವೆ. ಅಲ್ಲದೆ ಇಲ್ಲಿ ಕೆಳಗೆ ಸರೋವರವಿಲ್ಲ. ಗ್ರಾನೈಟ್, ನೈಸ್ ಶಿಲೆಗಳ ಈ ನಾಡಿನಲ್ಲಿ ನೀರಿರುವುದು ಬಂಡೆಯ ಮೇಲಿನ ಶಿಥಿಲ ಪದರದಲ್ಲಿ ಮತ್ತು ಅದರಡಿಯ ಬಿರುಕುಗಳಲ್ಲಿ. ಒಬ್ಬನ ಬಾವಿಯಲ್ಲಿ ನೀರು ಚಿಮ್ಮಿ, ಬದು ದಾಟಿದರೆ ಒಣಗಲ್ಲು ಸಿಗುವುದಕ್ಕೆ ಇದೇ ಕಾರಣ.

ಇಂಥ ನೆಲಕ್ಕೆ ಬೇರೆ ಉಪಾಯ ಬೇಕು. ಹೆಲಿಕಾಪ್ಟರಿನಡಿ ದೊಡ್ಡ ತಂತಿಯ ಬಳೆಯೊಂದನ್ನು ತೂಗಬಿಟ್ಟು, ಅದರಲ್ಲಿ ವಿದ್ಯುತ್ ಹರಿಸಿ ಥಟ್ಟನೆ ನಿಲ್ಲಿಸುತ್ತಾರೆ. ಆಗ ನೆಲದೊಳಗೆ ಕ್ಷಣಕಾಲ ಸುಳಿಯಂತೆ ವಿದ್ಯುತ್ ಹುಟ್ಟುತ್ತದೆ. ಗಟ್ಟಿ ಒಣಬಂಡೆಯಲ್ಲಿ ಅದು ಬೇಗ ಅಡಗುತ್ತದೆ; ನೀರುಂಡ ಶಿಥಿಲ ಶಿಲೆಯಲ್ಲಿ ನಿಧಾನವಾಗಿ. ಅಡಗುವ ಈ ವೇಗವನ್ನು ಅಳೆದು ನೂರಾರು ಅಡಿ ಆಳದವರೆಗಿನ ಪದರಗಳ ಚಿತ್ರ ಬರೆಯಬಹುದು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯು ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದ ಸಹಯೋಗದಲ್ಲಿ, ಕೇಂದ್ರ ಅಂತರ್ಜಲ ಮಂಡಳಿಗಾಗಿ ದೇಶದ ಆರು ಕಡೆ ಈ ವಿಧಾನವನ್ನು ಪರೀಕ್ಷಿಸಿತು. ಆ ಆರರಲ್ಲಿ ಕರ್ನಾಟಕದ ಒಂದು ಜಾಗವೂ ಇತ್ತು: ಮೊಳಕಾಲ್ಮೂರಿನಿಂದ 150 ಕಿಲೋಮೀಟರಿಗೂ ಹೆಚ್ಚು ದಕ್ಷಿಣದ, ತುಮಕೂರು ಜಿಲ್ಲೆಯ ಅಂಕಸಂದ್ರ ಜಲಾನಯನ ಪ್ರದೇಶ. ಅದೂ ಇಂಥದೇ ಗಟ್ಟಿಶಿಲೆಯ ಸೀಮೆ.

ಈ ವಿಧಾನಕ್ಕೂ ಮಿತಿಗಳುಂಟು. ಜೇಡಿಯೂ ನೀರಿನಂತೆಯೇ ವಿದ್ಯುತ್ತನ್ನು ಹರಿಯಗೊಡುವುದರಿಂದ ಒಂದನ್ನು ಇನ್ನೊಂದೆಂದು ಭ್ರಮಿಸುವ ಅಪಾಯವಿದೆ. ಹೈಟೆನ್ಷನ್ ತಂತಿಗಳ ಬಳಿ ಅಳತೆ ಕೆಡುತ್ತದೆ. ಆಳದ ಸಣ್ಣ ಬಿರುಕು ಕಣ್ತಪ್ಪಬಹುದು. ಆದ್ದರಿಂದ ಹಳೆಯ ಬಾವಿಗಳ ಮಾಹಿತಿ ಮತ್ತು ನೆಲದ ಮೇಲಿನ ಪರೀಕ್ಷೆ ಇವೆರಡರ ಜೊತೆಗಿಟ್ಟು ಓದಿದಾಗಲಷ್ಟೇ ಆ ನಕ್ಷೆಗೆ ಬೆಲೆ.

ಇದಕ್ಕಿಂತ ದೊಡ್ಡ ಮಾತೊಂದಿದೆ. ವೋಸ್ತೋಕಿನ ನೀರನ್ನು ಕಂಡುಹಿಡಿದವರಿಗೆ ಅದನ್ನು ಎತ್ತಿ ಹೊಲಕ್ಕೆ ಹಾಯಿಸುವ ಗರಜಿರಲಿಲ್ಲ. ಚಳ್ಳಕೆರೆಯ ಸೀಮೆಯಲ್ಲಿ ಕಂಡ ನೀರು ಕೂಡಲೇ ಪಂಪಿಗೆ ಸಿಗುತ್ತದೆ. ಬಂಡೆಯ ಬಿರುಕಿಗೆ ಹೊಲದ ಬದು ಗೊತ್ತಿಲ್ಲ. ಒಂದೇ ಬಿರುಕಿಗೆ ನಾಲ್ಕು ಬಾವಿ ಬಿದ್ದರೆ ನಾಲ್ಕೂ ಬತ್ತುತ್ತವೆ. ನೀರು ಹುಡುಕುವ ಜಾಣ್ಮೆ ಹೆಚ್ಚಿದಷ್ಟೂ ಬರಿದಾಗುವ ವೇಗವೂ ಹೆಚ್ಚಬಹುದು.

ಆದರೆ ಅದೇ ನಕ್ಷೆಯನ್ನು ಇನ್ನೊಂದು ಬಗೆಯಲ್ಲೂ ಓದಬಹುದು. ಶಿಥಿಲ ಪದರ ಎಲ್ಲಿ ದಪ್ಪವಾಗಿದೆಯೋ ಅಲ್ಲಿ ನೀರು ತುಂಬಿಡಲು ಜಾಗವಿದೆ ಎಂದರ್ಥ. ಯಾವ ಕೆರೆಯ ಹೂಳೆತ್ತಿದರೆ, ಯಾವ ಹಳ್ಳಕ್ಕೆ ಒಡ್ಡು ಕಟ್ಟಿದರೆ ಮಳೆನೀರು ನೆಲಕ್ಕಿಳಿದೀತು ಎಂಬುದನ್ನು ಅದು ಸೂಚಿಸಬಲ್ಲದು. ಕೆರೆಯನ್ನು ಹೆಸರಿನಲ್ಲೇ ಹೊತ್ತ ಊರಿನ ಸೀಮೆಗೆ, ಎಲ್ಲಿ ಕೊರೆಯಬೇಕು ಎಂಬ ಉತ್ತರಕ್ಕಿಂತ ಎಲ್ಲಿ ಇಂಗಿಸಬೇಕು ಎಂಬ ಉತ್ತರವೇ ಹೆಚ್ಚು ಕಾಲ ಬಾಳಿಕೆಗೆ ಬಂದೀತು.